ಎರಡು ಚುಕ್ಕಿ

ನಾಲ್ಕನೆಯ ಸಾಲಿನ ಕೊನೆಯಲ್ಲಿ ಎರಡು ಚುಕ್ಕಿ ಇರಬೇಕಾಗಿತ್ತು. ಇರಲಿಲ್ಲ. ಟೀವಿಯ ಪರದೆಯ ಕೆಳಗಡೆ ಕೆಂಪು ಅಕ್ಷರಗಳಲ್ಲಿ ಮತ್ತೆ ಅದೇ ಮಾತು ಮೂಡಿತ್ತು: ಇಲ್ಲಿ ಕೋಲನ್ ಬೇಕಾಗಿತ್ತು. ಅವಳು ಕನ್ನಡಕ ಸರಿಮಾಡಿಕೊಂಡು ತೊಡೆಯ ಮೇಲಿದ್ದ ಪುಸ್ತಕ ನೋಡಿದಳು, ಪರದೆ ನೋಡಿದಳು, ಆಮೇಲೆ ತನ್ನ ಬಲಗೈಯ ಕಿರುಬೆರಳನ್ನೇ ನೋಡಿದಳು. ಆ ಬೆರಳು ಆ ಗುಂಡಿಯನ್ನು ಒತ್ತಿತ್ತು. ಒತ್ತಿದ ಖಾತ್ರಿ ಬೆರಳ ತುದಿಯಲ್ಲಿ ಇನ್ನೂ ಆರಿರಲಿಲ್ಲ. ಆದರೂ ಪರದೆಯ ಮೇಲೆ ಆ ಜಾಗ ಬೋಳಾಗಿತ್ತು. ಆ ಸಾಲಿಗೆ ಮರಳಿ ಚುಕ್ಕಿಗಳನ್ನು ಇಟ್ಟಳು, ಈ ಸಲ ಪರದೆಯನ್ನೇ ದಿಟ್ಟಿಸುತ್ತ, ಗುಂಡಿಯನ್ನು ಬಲವಾಗಿ ಅದುಮಿ. ಚುಕ್ಕಿಗಳು ವಿಧೇಯವಾಗಿ ಬಂದು ಕೂತವು. ಅಂದರೆ ಕಂಪ್ಯೂಟರು ಸರಿಯಾಗಿದೆ. ಅಂದರೆ ಮೊದಲು ಒತ್ತಿರಲಿಲ್ಲ. ಅಂದರೆ ಒತ್ತಿದೆ ಎಂದುಕೊಂಡದ್ದು ಸುಳ್ಳು. ಭಾನುವಾರದ ಬೆಳಗಿನ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ನೆಲದ ಮೇಲೆ ಹಾಸಿತ್ತು. ಕೆಳಗಿನ ಅಂಗಡಿಯಿಂದ ತಂಗಿಯ ಹೊಲಿಗೆ ಯಂತ್ರದ ಸದ್ದು ನಿಂತು ನಿಂತು ಕೇಳುತ್ತಿತ್ತು.

ಪೆಟ್ಟಿಗೆಯನ್ನು ಗ್ರಂಥಾಲಯದಿಂದ ತಂದದ್ದು ಶುಕ್ರವಾರ ಸಂಜೆ. ಅದರಲ್ಲಿ ಇಸ್ಪೀಟು ಕಟ್ಟಿನಷ್ಟೇ ದೊಡ್ಡದಾದ ಒಂದು ಕಂಪ್ಯೂಟರು, ಮೈಯೆಲ್ಲ ಬಿಚ್ಚಿಟ್ಟುಕೊಂಡು ಹಸಿರು ಹಲಗೆಯ ಹಾಗಿತ್ತು. ಜೊತೆಗೆ ಒಂದು ಕೀಬೋರ್ಡು, ಒಂದು ಮೌಸು, ವೈರುಗಳು, ಮತ್ತು ಕಂಪ್ಯೂಟರಿಗೆ ಕೆಲಸ ಹೇಳುವ ಪೈಥಾನ್ ಎಂಬ ಭಾಷೆ ಕಲಿಸುವ ಒಂದು ಪುಸ್ತಕ. ಟೀವಿಗೆ ಸಿಕ್ಕಿಸಿದರೆ ಆಯಿತು, ಟೀವಿಯೇ ಪರದೆ. ಗ್ರಂಥಪಾಲಕ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು "ಮಕ್ಕಳಿಗಾ?" ಎಂದು ಕೇಳಿದ್ದ. ಅವಳು "ಹೂಂ, ಮಕ್ಕಳಿಗೆ" ಅಂದುಬಿಟ್ಟಿದ್ದಳು. ಮದುವೆಯೇ ಆಗದ ಅವಳಿಗೆ ಮಕ್ಕಳೆಲ್ಲಿಂದ ಬರಬೇಕು? ಆದರೂ "ಎಷ್ಟನೇ ಕ್ಲಾಸು?" ಅಂತ ಅವನು ಕೇಳಿದಾಗ ತಡವರಿಸದೆ "ಏಳು" ಅಂದಿದ್ದಳು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಮುಖವೆಲ್ಲ ಬಿಸಿಯಾಗಿತ್ತು. ನಿಜ ಹೇಳಬೇಕೆಂದಿದ್ದರೆ ಏನು ಹೇಳಬೇಕಿತ್ತು? ನನ್ನ ತಲೆ ಕೈಕೊಡುತ್ತಿದೆಯೇನೋ ಅನ್ನುವ ಗುಮಾನಿ ಬಂದಿದೆ ಸ್ವಾಮಿ, ಈವರೆಗೆ ಕಂಡು ಕೇಳರಿಯದ ಒಂದು ವಿದ್ಯೆಯನ್ನು ಈ ವಯಸ್ಸಲ್ಲಿ ತಲೆಯೊಳಗೆ ಇಳಿಸಲು ಆಗುತ್ತದೋ ಇಲ್ಲವೋ ಅಂತ ನೋಡಬೇಕು, ಆಗದಿದ್ದರೆ ಸೋಮವಾರ ಹೋಗಿ ಕೆಲಸ ಬಿಡುತ್ತೇನೆ ಅಂತಲೇ? ಅಡುಗೆ ಪುಸ್ತಕವನ್ನೋ ಹೆಣಿಗೆ ಪುಸ್ತಕವನ್ನೋ ಆರಿಸಿಕೊಳ್ಳಬಹುದಿತ್ತು. ಆದರೆ ಅವುಗಳಲ್ಲಿ ತನಗೆ ತಾನೇ ಮೋಸ ಮಾಡಿಕೊಳ್ಳಲು ಜಾಗವಿರುತ್ತದೆ. ಇದರಲ್ಲಿ ಇಲ್ಲ. ತಪ್ಪಿದರೆ ತಪ್ಪಿದ್ದೀಯ ಅನ್ನುತ್ತದೆ, ಎಷ್ಟನೆಯ ಸಾಲಿನಲ್ಲಿ ಅಂತಲೂ ಹೇಳುತ್ತದೆ.

ತಂಗಿಗೆ ಐವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಬಟ್ಟೆ ಹೊಲಿಯುವ ಪುಟ್ಟಿಗೆ ಈ ಪೆಟ್ಟಿಗೆ ಕಂಡದ್ದೇ ತಮಾಷೆಯಾಗಿತ್ತು. "ಪೈಥಾನ್ ಅಂದ್ರೆ ಹೆಬ್ಬಾವು ಅಲ್ವೇನೇ ಅಕ್ಕಾ? ಮನೇಲಿ ನಾವಿಬ್ರು ಇರೋದು ಸಾಲದು ಅಂತ ಹೆಬ್ಬಾವು ಬೇರೆ ತಂದ್ಯಾ?" ಅಂದಿದ್ದಳು. "ಅದು ನಿನ್ನ ತಿಂದು ಮುಗಿಸೋಕೆ ಮುಂಚೆ ಹೇಳು, ಸಂಜೆ ನನ್ನ ಧಾರಾವಾಹಿ ಇದೆ, ಟೀವಿ ಬೇಕು." ಅಕ್ಕ ನಕ್ಕಿದ್ದಳು. ನಗುವಾಗಲೂ, ಧಾರಾವಾಹಿಯಲ್ಲಿ ನಿನ್ನೆ ಏನಾಯಿತು ಎಂದು ಪುಟ್ಟಿ ಕೇಳಿದರೆ ನೆನಪಿದೆಯೇ ಅಂತ ಒಳಗೊಳಗೇ ತಡಕಿ ನೋಡಿಕೊಂಡಿದ್ದಳು. ಎರಡು ಮೂರು ದಿನಗಳಿಂದ ಎಲ್ಲದಕ್ಕೂ ಹೀಗೆಯೇ. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ವಾಪಸು ಬಂದು ಎಳೆದು ನೋಡುವುದು, ಒಲೆ ಆರಿಸಿದ ಮೇಲೆ ಕೈ ಹಿಡಿದು ನೋಡುವುದು.

ಶುರುವಾದದ್ದು ಗುರುವಾರ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಮಾತ್ರೆ ಕೊಡುವ ಕಿಟಕಿ ವರ್ಷಗಳಿಂದ ಅವಳದೇ. ಒಬ್ಬರು ಔಷಧಿ ತೆಗೆದಿಡಬೇಕು, ಇನ್ನೊಬ್ಬರು ಚೀಟಿಯ ಜೊತೆ ತಾಳೆ ನೋಡಬೇಕು, ಆಮೇಲಷ್ಟೇ ರೋಗಿಯ ಕೈಗೆ. ಅವಳು ತೆಗೆದದ್ದನ್ನು ತಾಳೆ ನೋಡುವವರು ಸಾಮಾನ್ಯವಾಗಿ ಸುಮ್ಮನೆ ಕಣ್ಣಾಡಿಸುತ್ತಿದ್ದರು, ಅವಳು ತಪ್ಪುವುದಿಲ್ಲ ಎಂಬ ನಂಬಿಕೆಯಿಂದ. ಅಂದು ಪಕ್ಕದಲ್ಲಿದ್ದವನು ಮೌನಿ. ಹೆಚ್ಚು ಮಾತಾಡದ್ದಕ್ಕೆ ಎಲ್ಲರೂ ಇಟ್ಟ ಹೆಸರು ಅದು. ಅವನು ಪೊಟ್ಟಣವನ್ನು ಎತ್ತಿ ಬೆಳಕಿಗೆ ಹಿಡಿದು, ಅವಳ ಕಿವಿಯ ಹತ್ತಿರ ಬಾಗಿ, "ಮೇಡಂ, ಚೀಟೀಲಿ ಐದು ಎಂ.ಜಿ. ಇದೆ, ಇದು ಹತ್ತರದ್ದು" ಅಂದ. ಬಿ.ಪಿ. ಮಾತ್ರೆ. ಎರಡೂ ಪೊಟ್ಟಣ ಬಿಳಿ, ಎರಡಕ್ಕೂ ನೀಲಿ ಪಟ್ಟಿ. "ಗೊತ್ತು, ಬದಲಾಯಿಸೋಣ ಅಂತಲೇ ಇಟ್ಟಿದ್ದೆ" ಅಂದಳು. ಎಂಥ ಮಾತು! ಬದಲಾಯಿಸಲೆಂದು ಯಾರಾದರೂ ತಪ್ಪಾದದ್ದನ್ನು ಇಡುತ್ತಾರೆಯೇ? ಅವನು ಜೋರಾಗಿ ಹೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವನು ಮೆತ್ತಗೆ ಹೇಳಿದ್ದ, ಮನೆಯ ಹಿರಿಯರಿಗೆ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದೀರಿ ಎಂದು ಹೇಳುವ ಹಾಗೆ. ಕಿಟಕಿಯಾಚೆ ನಿಂತಿದ್ದ ಮುದುಕ ಇಬ್ಬರ ಮುಖವನ್ನೂ ನೋಡಿ ಚೀಲ ಎದೆಗೆ ಒತ್ತಿಕೊಂಡಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ ಐದರ ಪೊಟ್ಟಣವನ್ನೇ ತೆಗೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಶುಕ್ರವಾರ ಬೆಳಿಗ್ಗೆ ಮುಖ್ಯಸ್ಥೆಯ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, "ನನ್ನನ್ನ ಕಿಟಕಿಯಿಂದ ತೆಗೆದುಬಿಡಿ, ಇಲ್ಲಾಂದ್ರೆ ನಾನೇ ಬಿಟ್ಟುಬಿಡ್ತೀನಿ" ಅಂದಿದ್ದಳು. ಮುಖ್ಯಸ್ಥೆಯ ಎದುರು ಯಾರೋ ಕೂತಿದ್ದರು. "ಸೋಮವಾರ ಬನ್ನಿ, ಕೂತು ಮಾತಾಡೋಣ" ಅಂದಿದ್ದಳು ಆಕೆ.

ಅಮ್ಮನಿಗೂ ಹೀಗೆಯೇ ಶುರುವಾಗಿತ್ತಲ್ಲವೇ. "ನಾನು ಉಪ್ಪು ಹಾಕಿದೀನಿ ಕಣೇ." ಹಾಕಿರಲಿಲ್ಲ. "ನಲ್ಲಿ ನಿಲ್ಲಿಸಿಯೇ ಬಂದೆ." ನಿಲ್ಲಿಸಿರಲಿಲ್ಲ, ಬಚ್ಚಲಲ್ಲಿ ನೀರು ಸುರಿಯುತ್ತಲೇ ಇರುತ್ತಿತ್ತು. ಇವಳು ಅಮ್ಮನ ತೋಳು ಹಿಡಿದು ಬಚ್ಚಲಿನ ತನಕ ಕರೆದುಕೊಂಡು ಹೋಗಿ, "ನೋಡು, ನೀನೇ ನೋಡು, ಇದು ನಿಲ್ಲಿಸಿದ್ದಾ?" ಎಂದು ಕೇಳುತ್ತಿದ್ದಳು. ಒಳ್ಳೆಯದಕ್ಕೇ ಎಂದುಕೊಂಡಿದ್ದಳು. ತಪ್ಪು ಕಣ್ಣಿಗೆ ಕಂಡರೆ ಮನಸ್ಸಿಗೆ ನಾಟುತ್ತದೆ, ಮರೆವಿನ ರೋಗ ನಿಧಾನವಾಗುತ್ತದೆ ಎಂದು. ದಿನಾ ಬೆಳಿಗ್ಗೆ ಇವತ್ತು ಯಾವ ವಾರ ಎಂದು ಕೇಳುತ್ತಿದ್ದಳು, ಡಾಕ್ಟರ ಧಾಟಿಯಲ್ಲಿ. ಅಮ್ಮ ಉತ್ತರಕ್ಕಾಗಿ ಗೋಡೆ ನೋಡುತ್ತಿದ್ದಳು, ಪುಟ್ಟಿಯ ಮುಖ ನೋಡುತ್ತಿದ್ದಳು, ಪುಟ್ಟಿ ತುಟಿಯಲ್ಲೇ ಹೇಳಿಕೊಡಲು ಹೋದರೆ ಇವಳು ಕಣ್ಣು ಬಿಡುತ್ತಿದ್ದಳು. ಒಂದು ದಿನ ಅಮ್ಮ ತಟ್ಟೆಯ ಅಂಚನ್ನು ಸವರುತ್ತ, "ನೀನು ಕೇಳೋ ರೀತಿಗೇ ಮರೆತು ಹೋಗತ್ತೆ" ಅಂದಿದ್ದಳು. ಆ ಮಾತನ್ನು ಇವಳು ರೋಗದ ಲೆಕ್ಕಕ್ಕೆ ಹಾಕಿದ್ದಳು.

ಪುಸ್ತಕದ ಐದನೆಯ ಪಾಠದಲ್ಲಿ ಒಂದು ಆಟವಿತ್ತು. ಕಂಪ್ಯೂಟರು ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ, ನೀವು ಊಹಿಸಬೇಕು. ಹೆಚ್ಚಾಯಿತು, ಕಡಿಮೆಯಾಯಿತು ಎಂದು ಅದು ಹೇಳುತ್ತ ಹೋಗುತ್ತದೆ. ಇಫ್, ಎಲ್ಸ್, ವೈಲ್ ಎಂದು ಶುರುವಾಗುವ ಸಾಲುಗಳ ಕೊನೆಗೆ ಎರಡು ಚುಕ್ಕಿ ಮರೆಯಬೇಡಿ ಎಂದು ಪುಸ್ತಕ ಬರೆದವನು ಸಲುಗೆಯಿಂದ ಎಚ್ಚರಿಸಿದ್ದ. 'ಮರೆತರೂ ಪರವಾಗಿಲ್ಲ, ಎಲ್ಲರೂ ಮರೆಯುತ್ತಾರೆ!' ಎಂದು ಪಕ್ಕದಲ್ಲೊಂದು ನಗುವ ಮುಖ ಬೇರೆ. ಆ ನಗುವ ಮುಖ ಕಂಡು ಅವಳಿಗೆ ಮೈ ಉರಿಯಿತು. ಎಲ್ಲರೂ ಮರೆಯುತ್ತಾರಂತೆ. ಎಲ್ಲರೂ ಮಾತ್ರೆ ಕೊಡುವ ಕಿಟಕಿಯಲ್ಲಿ ಕೂತಿರುತ್ತಾರೆಯೇ? ಅವಳು ಬರೆದದ್ದನ್ನೆಲ್ಲ ಅಳಿಸಿದಳು. ಮೊದಲಿನಿಂದ, ಒಂದೊಂದೇ ಸಾಲು, ಬೆರಳಿಟ್ಟು ಓದಿ ಒತ್ತಿದಳು. ಹಿಂದೆ ಔಷಧಿ ಕಾಲೇಜಿನಲ್ಲಿ ಕಲಿತ ಪದ್ಧತಿಯೇ: ಕಣ್ಣು ಮೂಲದ ಮೇಲೆ, ಕೈ ಕೆಲಸದ ಮೇಲೆ, ನಡುವೆ ಬೇರೆ ಯೋಚನೆಗೆ ಜಾಗ ಕೊಡಬಾರದು. ಚುಕ್ಕಿಗಳ ಜಾಗ ಬಂದಾಗಲೆಲ್ಲ ಬಾಯಿಬಿಟ್ಟು "ಕೋಲನ್" ಎಂದು ಹೇಳಿಯೇ ಒತ್ತಿದಳು. ಖಾಲಿ ಕೋಣೆಯಲ್ಲಿ ತನ್ನ ದನಿಯೇ ವಿಚಿತ್ರವಾಗಿ ಕೇಳಿತು. ಕೊನೆಯ ಸಾಲು ಮುಗಿಸಿ, ಉಸಿರು ಬಿಗಿಹಿಡಿದು ತಲೆಯೆತ್ತಿದಳು. ನಾಲ್ಕನೆಯ ಸಾಲಿನಲ್ಲಿ ಇರಲಿಲ್ಲ. ಆರರಲ್ಲಿ ಇರಲಿಲ್ಲ. ಎಂಟರಲ್ಲಿ ಇತ್ತು. ಮುಂದಿನದರಲ್ಲಿ ಇರಲಿಲ್ಲ.

ಬಾಯಲ್ಲಿ ಹೇಳಿದ್ದೆನಲ್ಲ. ಹೇಳಿದೆನೇ? ಹೇಳಿದೆ ಎಂದುಕೊಂಡೆನೇ? ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು, ಅವು ಬೇರೆ ಯಾರದೋ ಅನ್ನುವ ಹಾಗೆ. ಇನ್ನು ಪರೀಕ್ಷೆ ಬೇಕಿಲ್ಲ. ಸೋಮವಾರ ಏನು ಹೇಳಬೇಕೆಂಬುದು ಗೊತ್ತಾಯಿತು. ವಿಚಿತ್ರವೆಂದರೆ ಮನಸ್ಸು ಅಳುವುದಕ್ಕೆ ಮುಂಚೆಯೇ ಏರ್ಪಾಟಿಗೆ ತೊಡಗಿತ್ತು: ಕೆಲಸ ಬಿಟ್ಟ ಮೇಲೆ ಮನೆಯ ಒಲೆ ತಾನು ಮುಟ್ಟಬಾರದು, ಬೀಗದ ಕೈ ಪುಟ್ಟಿಯ ಹತ್ತಿರವೇ ಇರಬೇಕು. ಪಾಪ, ಪುಟ್ಟಿ. ಅಮ್ಮನನ್ನು ನೋಡಿಕೊಂಡು ಮುಗಿಸಿ ಈಗಷ್ಟೇ ಸ್ವಲ್ಪ ಕಾಲು ಚಾಚಿದ್ದಾಳೆ. ದಿನಾ ಬೆಳಿಗ್ಗೆ ಬಂದು ಅಕ್ಕಾ ಇವತ್ತು ಯಾವ ವಾರ ಎಂದು ಕೇಳುತ್ತಾಳೆ. ಇಲ್ಲ, ಕೇಳುವುದಿಲ್ಲ. ಪುಟ್ಟಿ ಅಂಥವಳಲ್ಲ. ಅಂಥವಳು ನಾನು.

ಹೊಲಿಗೆ ಯಂತ್ರ ನಿಂತು ಎಷ್ಟು ಹೊತ್ತಾಗಿತ್ತೋ. ಪುಟ್ಟಿ ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡೇ ಮೇಲೆ ಬಂದಳು. "ಊಟಕ್ಕೆ ಏಳಲ್ವೇನೇ? ಹೆಬ್ಬಾವು ನುಂಗಿಬಿಡ್ತಾ?" ಅಂದವಳು ಅಕ್ಕನ ಮುಖ ನೋಡಿ ಹೊಸ್ತಿಲಲ್ಲೇ ನಿಂತಳು. "ಏನಾಯ್ತೇ?"

"ಏನಿಲ್ಲ."

"ಏನಿಲ್ಲದ ಮುಖ ಅಲ್ಲ ಇದು. ಹೇಳು."

"ನನಗೂ ಶುರುವಾಗಿದೆ, ಪುಟ್ಟಿ." ಹೇಳಬೇಕೆಂದೇನೂ ಇರಲಿಲ್ಲ, ಬಾಯಿಂದ ಜಾರಿತು. "ಅಮ್ಮನಿಗೆ ಆಗಿದ್ದೇ."

ಪುಟ್ಟಿ ಬಂದು ಪಕ್ಕದಲ್ಲಿ ಕೂತಳು. ಗುರುವಾರದ್ದು, ಶುಕ್ರವಾರದ್ದು, ಈ ಚುಕ್ಕಿಗಳದ್ದು ಎಲ್ಲ ಹೊರಬಂತು, ಹಿಂದು ಮುಂದಾಗಿ. ಎಲ್ಲ ಮುಗಿದ ಮೇಲೆ ಪುಟ್ಟಿ ಟೇಪನ್ನು ಬೆರಳಿಗೆ ಸುತ್ತುತ್ತ, "ನನಗೆ ಈ ಕಂಪ್ಯೂಟರು ಗಿಂಪ್ಯೂಟರು ತಿಳಿಯಲ್ಲ" ಅಂದಳು. "ಆದರೆ ಒತ್ತಿದ್ದೋ ಇಲ್ವೋ ಅಂತ ನೋಡೋಕೆ ಕಣ್ಣಿದ್ರೆ ಸಾಕಲ್ಲ. ಈಗ ಒತ್ತು. ನೀನು ಪುಸ್ತಕ ನೋಡ್ಕೊಂಡೇ ಒತ್ತು, ಆಗ ಹೇಗೆ ಮಾಡಿದ್ಯೋ ಹಾಗೇ. ನಾನು ನಿನ್ನ ಬೆರಳು ನೋಡ್ತಿರ್ತೀನಿ."

"ಬೇಡ ಬಿಡೇ."

"ಹೆದರಿಕೆನಾ?"

ಹೆದರಿಕೆಯೇ. ಒಬ್ಬಳೇ ಇದ್ದಾಗ ತಪ್ಪುವುದು ಬೇರೆ, ಎದುರಿಗೊಬ್ಬರು ಕೂತು ನೋಡುತ್ತಿರುವಾಗ ತಪ್ಪುವುದು ಬೇರೆ. ಅಮ್ಮ ದಿನಾ ಬೆಳಿಗ್ಗೆ ಇದನ್ನೇ ಎದುರಿಸಿದ್ದಳು. ಆದರೂ ಅವಳು ಪುಸ್ತಕ ತೆರೆದಳು, ನಾಲ್ಕನೆಯ ಸಾಲಿನ ಮೇಲೆ ಕಣ್ಣು ನೆಟ್ಟಳು. ಬೆರಳುಗಳು ತಮ್ಮ ಪಾಡಿಗೆ ಹೊರಟವು. ಪುಟ್ಟಿಯ ಉಸಿರು ಕಿವಿಯ ಹತ್ತಿರ ಬೆಚ್ಚಗೆ ತಾಗುತ್ತಿತ್ತು. ಸಾಲಿನ ಕೊನೆ ಬಂತು. "ಕೋಲನ್" ಎಂದು ಹೇಳಿ ಒತ್ತಿದಳು. ತಲೆಯೆತ್ತಲು ಮನಸ್ಸಾಗಲಿಲ್ಲ.

"ಒತ್ತಿದೆ" ಅಂದಳು ಪುಟ್ಟಿ.

"ಏನು?"

"ಒತ್ತಿದೆಯಲ್ಲೇ ಅಕ್ಕಾ! ಎಡಗೈಲಿ ಆ ಉದ್ದದ ಗುಂಡಿ, ಬಲಗೈ ಕಿರುಬೆರಳಲ್ಲಿ ಇದು. ನಾನೇ ನೋಡಿದೆ. ಬಾಯಲ್ಲಿ ಹೇಳಿದೆ ಕೂಡ." ಪುಟ್ಟಿ ಪರದೆಯತ್ತ ತಿರುಗಿದಳು. "ಅಲ್ಲಿ ಬರಲೇ ಇಲ್ಲ ನೋಡು. ತಡಿ, ನಾನು ಒತ್ತುತೀನಿ." ಅವಳು ಸೂಜಿ ಹಿಡಿಯುವ ಬೆರಳಿನಿಂದ ಆ ಗುಂಡಿಯನ್ನು ತಟ್ಟಿದಳು. ಏನೂ ಬರಲಿಲ್ಲ. ಮತ್ತೆ ತಟ್ಟಿದಳು. ಬರಲಿಲ್ಲ. ಹೆಬ್ಬೆರಳಿನಿಂದ ಅದುಮಿದಳು, ಬಂತು. "ಅಯ್ಯೋ ಇದರ ಮನೆ ಹಾಳಾಗ! ಈ ಗುಂಡಿ ಕೆಟ್ಟಿದೆ ಕಣೇ! ಮೆತ್ತಗೆ ಒತ್ತಿದ್ರೆ ಬರಲ್ಲ, ಗುದ್ದಿದ್ರೆ ಬರತ್ತೆ!"

ಅವಳು ಪುಟ್ಟಿಯ ಕೈ ಸರಿಸಿ ತಾನೇ ತಟ್ಟಿದಳು, ಅದುಮಿದಳು, ತಟ್ಟಿದಳು. ನಿಜ. ತಟ್ಟಿದರೆ ಇಲ್ಲ, ಅದುಮಿದರೆ ಉಂಟು. ಬೆಳಗಿನಿಂದ ತಿದ್ದಲೆಂದು ಹೋದಾಗಲೆಲ್ಲ ಅವಳು ಅದುಮಿದ್ದಳು, ಬರೆಯುವಾಗಲೆಲ್ಲ ತಟ್ಟಿದ್ದಳು. ನಗಲು ಹೋದಳು, ಅಳುವಾಗಿ ಹೊರಬಂತು. ಪುಟ್ಟಿ ಅವಳ ಬೆನ್ನಿಗೆ ಗುದ್ದಿ, "ಒಂದು ಗುಂಡಿ ಕೆಟ್ಟಿದ್ದಕ್ಕೆ ತಲೆ ಕೆಟ್ಟಿದೆ ಅಂದ್ಕೊಂಡಳಂತೆ, ದೊಡ್ಡ ಓದಿದವಳು" ಅಂದಳು. ಅವಳ ಕಣ್ಣಲ್ಲೂ ನೀರಾಡುತ್ತಿತ್ತು. ಆಮೇಲೆ ಕೆಳಗೋಡಿ ಹೊಲಿಗೆ ಬಿಚ್ಚುವ ಕೊಕ್ಕೆ ತಂದು, ಅದರ ತುದಿಯಿಂದ ಆ ಗುಂಡಿಯನ್ನು ಹಲ್ಲು ಕೀಳುವ ಹಾಗೆ ಮೀಟಿ ತೆಗೆದಳು. ಒಳಗೆ ಯಾವುದೋ ಸಿಹಿ ಪಾನೀಯ ಚೆಲ್ಲಿ ಒಣಗಿ ಕಂದು ಅಂಟಾಗಿ ಕೂತಿತ್ತು, ಅದಕ್ಕೊಂದು ಸತ್ತ ಇರುವೆ ಮೆತ್ತಿಕೊಂಡಿತ್ತು. ಅಕ್ಕ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದಳು.

ಒರೆಸುತ್ತಿರುವಾಗಲೇ ಅದು ನೆನಪಾಯಿತು. ಅಮ್ಮ ಹೋದ ಕೆಲವು ತಿಂಗಳಿಗೆ ನಲ್ಲಿ ರಿಪೇರಿಯವನು ಬಂದಿದ್ದ. ಬಚ್ಚಲಿನ ನಲ್ಲಿಯನ್ನು ಬಿಚ್ಚಿ, ಸವೆದು ಹರಿದ ವಾಷರನ್ನು ಅಂಗೈ ಮೇಲಿಟ್ಟು ತೋರಿಸಿ, "ಇದು ಹೋಗಿ ವರ್ಷಗಳೇ ಆಗಿದೆ, ಎಷ್ಟು ತಿರುಗಿಸಿದ್ರೂ ಒಂದೊಂದು ಸಲ ನಿಲ್ತಿರಲಿಲ್ಲ ಅಲ್ವಾ?" ಅಂದಿದ್ದ. ಹೌದು ಅಂದಿದ್ದಳು. ಹೊಸದು ಹಾಕಿಸಿ ಕಳಿಸಿದ್ದಳು. ಅಷ್ಟೇ. ಆ ವಾಷರಿಗೂ ಅಮ್ಮನ ತೋಳು ಹಿಡಿದು ಎಳೆದುಕೊಂಡು ಹೋದ ಬೆಳಗುಗಳಿಗೂ ನಂಟು ಇದ್ದೀತೆಂದು ಇಂದಿನ ತನಕ ಹೊಳೆದೇ ಇರಲಿಲ್ಲ. ಹತ್ತಿಯ ಉಂಡೆ ಕೈಯಲ್ಲೇ ಉಳಿಯಿತು.

"ಪುಟ್ಟಿ, ಅಮ್ಮ ನಲ್ಲಿ ನಿಲ್ಲಿಸ್ತಾ ಇದ್ದಳು."

ಪುಟ್ಟಿಗೆ ಏನು ಎತ್ತ ಎಂದು ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಗುಂಡಿಯನ್ನು ಸೆರಗಿನ ತುದಿಯಲ್ಲಿ ಉಜ್ಜಿದಳು. "ಕೆಲವು ಸಲ ನಿಲ್ಲಿಸಿರಬಹುದು" ಅಂದಳು. "ಕೆಲವು ಸಲ ಇಲ್ಲ. ಬಕೆಟ್ಟು ತುಂಬಿ ಹರೀತಿದ್ರೂ ಪಕ್ಕದಲ್ಲಿ ನಿಂತು ನೋಡ್ತಿದ್ದಳಲ್ಲ, ಅದನ್ನ ನಾನೇ ಕಂಡಿದೀನಿ. ಅಮ್ಮನಿಗೆ ಕಾಯಿಲೆ ಇತ್ತು ಅಕ್ಕಾ. ನಲ್ಲೀನೂ ಕೆಟ್ಟಿತ್ತು. ಎರಡೂ ನಿಜ."

"ಯಾವತ್ತು ಯಾವುದು ಅಂತ..."

"ಇನ್ನು ಗೊತ್ತಾಗಲ್ಲ" ಅಂದಳು ಪುಟ್ಟಿ. "ನೀನು ಅವಳ ಉಗುರು ಕತ್ತರಿಸ್ತಿದ್ದೆ, ತಲೆ ಬಾಚ್ತಿದ್ದೆ. ಕೂಗಾಡ್ತಲೂ ಇದ್ದೆ. ಅದೂ ಎರಡೂ ನಿಜ. ಕೊಡಿಲ್ಲಿ ಆ ಕೀಬೋರ್ಡು, ಗುಂಡಿ ಹಾಕೋಣ."

ಗುಂಡಿ ಟಕ್ಕೆಂದು ಕೂತಿತು. ಈಗ ಬೆರಳು ತಾಗಿದರೆ ಸಾಕು, ಚುಕ್ಕಿಗಳು ಬಂದವು. ಬೇಕೋ ಬೇಡವೋ ಎಂದು ಪುಟ್ಟಿ ಒಂದು ಸಾಲು ತುಂಬ ಚುಕ್ಕಿಗಳನ್ನೇ ಒತ್ತಿದಳು. ಅವನ್ನೆಲ್ಲ ಅಳಿಸಿ, ತಪ್ಪಿದ್ದ ಸಾಲುಗಳನ್ನು ಸರಿಮಾಡಿ, ಓಡಿಸು ಎಂಬ ಅಪ್ಪಣೆ ಕೊಟ್ಟಾಗ ಕೆಂಪು ಅಕ್ಷರಗಳು ಬರಲಿಲ್ಲ. ಒಂದು ಕ್ಷಣ ಏನೂ ಬರಲಿಲ್ಲ. ಆಮೇಲೆ ಪರದೆಯ ಮೇಲೆ, ಅವಳೇ ಬರೆದ ಮಾತು ಅವಳನ್ನೇ ಕೇಳಿತು: ನಾನು ಒಂದು ಸಂಖ್ಯೆ ಅಂದುಕೊಂಡಿದ್ದೇನೆ, ಹೇಳು ನೋಡೋಣ. ಅಮ್ಮ ನಾಲ್ಕು ಗೋಡೆಯ ನಡುವೆ ಉತ್ತರ ಹುಡುಕುತ್ತಿದ್ದದ್ದು ಕಣ್ಣ ಮುಂದೆ ಸುಳಿದು ಹೋಯಿತು, ಕುಟುಕಿತು, ಆದರೆ ನಿಲ್ಲಲಿಲ್ಲ. ಯಾಕೆಂದರೆ ಪುಟ್ಟಿ ಆಗಲೇ "ಐವತ್ತು ಹಾಕೇ, ಐವತ್ತು" ಎಂದು ಮೊಣಕೈಯಿಂದ ತಿವಿಯುತ್ತಿದ್ದಳು. ಹೆಚ್ಚಾಯಿತು ಎಂದಿತು ಅದು. "ಇಪ್ಪತ್ತು!" ಕಡಿಮೆಯಾಯಿತು. "ಎಲಾ ಇವನ! ಮೂವತ್ತು!" ಊಟ ಆರಿ ತಣ್ಣಗಾಯಿತು. ಸಂಜೆ ಧಾರಾವಾಹಿಯ ಹೊತ್ತಾದಾಗಲೂ ಪುಟ್ಟಿ ವೈರು ಕೀಳಲು ಬಿಡಲಿಲ್ಲ.

ಸೋಮವಾರ ಮುಖ್ಯಸ್ಥೆ ಕುರ್ಚಿ ತೋರಿಸಿದಳು. ಅವಳು ಕೂತಳು. ಕೆಲಸ ಬಿಡುವ ಮಾತು ನಾಲಗೆಯ ಮೇಲೆ ಇರಲಿಲ್ಲ, ಆದರೆ ಗುರುವಾರದ ತಪ್ಪು ಕೀಬೋರ್ಡಿನ ತಪ್ಪಲ್ಲ ಎಂಬುದೂ ಗೊತ್ತಿತ್ತು. ಅದನ್ನು ಹಾಗೆಯೇ ಹೇಳಿದಳು. "ನಾನು ಹತ್ತರದ್ದನ್ನ ತೆಗೆದೆ. ಐದರದ್ದು ಅಂದ್ಕೊಂಡೇ ತೆಗೆದೆ. ತಲೆ ಹೋಯ್ತು ಅಂತ ಹೆದರಿದ್ದೆ."

ಮುಖ್ಯಸ್ಥೆ ನಕ್ಕಳು, ಗೇಲಿಯ ನಗುವಲ್ಲ. "ಆ ಎರಡು ಪೊಟ್ಟಣ ನನಗೂ ಕೈಕೊಟ್ಟಿವೆ ಮೇಡಂ. ಹಾಗಾಗತ್ತೆ ಅಂತಲೇ ಅಲ್ವಾ ಪಕ್ಕದಲ್ಲಿ ಇನ್ನೊಬ್ಬರನ್ನ ಕೂರಿಸೋದು? ನಿಮಗೆ ಅಷ್ಟು ಅನುಮಾನ ಇದ್ರೆ ನಮ್ಮ ನರಗಳ ಡಾಕ್ಟರ ಹತ್ರ ಒಂದ್ಸಲ ತೋರಿಸಿ, ಮನಸ್ಸಿಗೆ ಸಮಾಧಾನ. ಅಲ್ಲೀತನಕ ಕಿಟಕಿ ನಿಮ್ಮದೇ."

"ಹತ್ತರದ್ದನ್ನ ಬೇರೆ ಕಪಾಟಿಗೆ ಹಾಕಲಾ?"

"ಹಾಕಿ. ಇಷ್ಟು ದಿನ ಯಾರಿಗೂ ಹೊಳೀಲಿಲ್ಲ ನೋಡಿ."

ಪೊಟ್ಟಣಗಳನ್ನು ಹೊತ್ತು ಎದುರಿನ ಕಪಾಟಿಗೆ ಸಾಗಿಸುವಾಗ ಮೌನಿ ಸಹಾಯಕ್ಕೆ ಬಂದ. "ಗುರುವಾರ ನೀವು ನೋಡಿದ್ದು ಒಳ್ಳೇದಾಯ್ತು" ಅಂದಳು. "ನಾನು ಸುಳ್ಳು ಹೇಳಿದೆ. ಬದಲಾಯಿಸೋಕೆ ಅಂತ ಇಟ್ಟಿರಲಿಲ್ಲ." ಅವನು ಎಲ್ಲಿ ನೋಡಬೇಕೆಂದು ತಿಳಿಯದೆ, "ಇರಲಿ ಮೇಡಂ" ಅಂದು, ಆಮೇಲೆ ಅವನ ಮಟ್ಟಿಗೆ ಭಾಷಣವೆನ್ನಬಹುದಾದಷ್ಟು ಮಾತಾಡಿದ: "ನನ್ನದನ್ನೂ ಸರಿಯಾಗಿ ನೋಡಿ. ನಾನೂ ತಪ್ತೀನಿ."

ಕಿಟಕಿ ತೆರೆದಾಗ ಸಾಲು ಹೊರಬಾಗಿಲ ತನಕ ಇತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದಳು, ಬಣ್ಣ ಮಾಸಿದ ಛತ್ರಿ, ಮೊಣಕೈಗೆ ನೇತುಬಿದ್ದ ಚೀಲ. ಮೌನಿ ತಾಳೆ ನೋಡಿ ತಲೆಯಾಡಿಸಿದ ಮೇಲೆ ಇವಳು ಮಾತ್ರೆ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿದಳು. ಅಜ್ಜಿ ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. "ಊಟಕ್ಕೆ ಮುಂಚೆನೋ, ಆಮೇಲೋ?"

"ಊಟ ಆದಮೇಲೆ, ಅಜ್ಜಿ."

ಅಜ್ಜಿ ಕಂಬದ ತನಕ ಹೋದಳು. ನಿಂತಳು. ಮತ್ತೆ ಬಂದಳು. "ಊಟಕ್ಕೆ ಮುಂಚೆ ಅಂದ್ರಾ?"

ಸಾಲಿನಲ್ಲಿದ್ದವನೊಬ್ಬ ಲೊಚಗುಟ್ಟಿದ. "ಆಗಲೇ ಹೇಳಿದ್ರಲ್ಲ ಅಜ್ಜಿ, ಎಷ್ಟು ಸಲ ಕೇಳ್ತೀರಾ?" ಅಜ್ಜಿಯ ಮುಖ ಸಣ್ಣದಾಯಿತು. ಉತ್ತರಕ್ಕಾಗಿ ಅವಳ ಕಣ್ಣು ಗೋಡೆಯತ್ತ ಹೋಗುವುದನ್ನು ಇವಳು ಕಂಡಳು. ಕುರ್ಚಿಯಿಂದ ಎದ್ದು, ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದಳು.

"ನಾನೇ ಸರಿಯಾಗಿ ಹೇಳಲಿಲ್ಲ. ಊಟ ಆದಮೇಲೆ, ಅಜ್ಜಿ. ಉಂಡು, ತಟ್ಟೆ ತೊಳೆದಿಟ್ಟು, ಆಮೇಲೆ ನುಂಗಿ."

ಅಜ್ಜಿ ಛತ್ರಿಯನ್ನು ನೆಲಕ್ಕೂರಿ ಯೋಚಿಸಿದಳು. "ತಟ್ಟೆ ನಾನು ತೊಳೆಯಲ್ಲವಲ್ಲ" ಅಂದಳು. "ನನ್ನ ಸೊಸೆ ತೊಳೀತಾಳೆ."

"ಹಾಗಿದ್ರೆ ಅವಳು ತೊಳೀತಾ ಇರುವಾಗ ನೀವು ನುಂಗಿ."

"ಅವಳು ಗೊಣಗ್ತಾ ತೊಳೀತಾಳೆ."

"ಇನ್ನೂ ಒಳ್ಳೇದು. ಗೊಣಗೋದು ಕೇಳಿಸಿದ ತಕ್ಷಣ ನುಂಗಿಬಿಡಿ."

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಲೊಚಗುಟ್ಟಿದವನೂ ಬೇರೆ ಕಡೆ ತಿರುಗಿ ನಕ್ಕ. ಛತ್ರಿಯ ಸದ್ದು ಕಂಬ ದಾಟಿ, ಹೊರಬಾಗಿಲು ದಾಟಿ ಹೋಯಿತು. ಅವಳು ಇನ್ನೊಂದು ಕ್ಷಣ ಕಾದಳು, ಅಜ್ಜಿ ಮತ್ತೆ ಬಂದರೆ ಮತ್ತೆ ಹೇಳಲು. ಬರಲಿಲ್ಲ. ಕೂತು, ಸೆರಗು ಸರಿಮಾಡಿಕೊಂಡು, ಮುಂದಿನವರ ಚೀಟಿಗೆ ಕೈಚಾಚಿದಳು.